ಬಂದರು ಲೀತಿನದು, ಯಜಮಾನಿಕೆ ಬೇರೆಯವರದು

ಸ್ಕಾಟ್ಲೆಂಡಿನ ಲೀತ್ ಬಂದರಿನ ಲಾಭ ಇವತ್ತು ಕೊನೆಗೆ ಹೋಗಿ ಸೇರುವುದು ಕೆನಡಾದ ಸರಕಾರಿ ನೌಕರರ ಪಿಂಚಣಿ ನಿಧಿಗೆ. ಬಂದರು ನಡೆಸುವ ಫೋರ್ತ್ ಪೋರ್ಟ್ಸ್ ಸಂಸ್ಥೆ 1992ರಲ್ಲಿ ಖಾಸಗಿಯಾಗಿ, ಕೈಯಿಂದ ಕೈಗೆ ದಾಟುತ್ತಾ ಅಲ್ಲಿಗೆ ತಲುಪಿದೆ. ಮಂಗಳೂರು ಬಂದರಿನಲ್ಲಿ ಲೆಕ್ಕಪತ್ರ ಬರೆದೇ ನಿವೃತ್ತನಾದ ನನಗೆ ಇದು ತಮಾಷೆ ಎನಿಸಿತು. ಲೀತಿನವರಿಗೆ ಇದು ಹೊಸದೇನಲ್ಲ. ಅವರ ಬಂದರಿನ ಯಜಮಾನ ಶತಮಾನಗಳಿಂದ ಬೇರೆ ಕಡೆಯೇ ಕೂತಿದ್ದಾನೆ.

1329ರಲ್ಲಿ ದೊರೆ ಮೊದಲನೆಯ ರಾಬರ್ಟ್ ಈ ರೇವನ್ನು ಎಡಿನ್‌ಬರೋ ನಗರಕ್ಕೆ ಬರೆದುಕೊಟ್ಟ. ಎಡಿನ್‌ಬರೋ ಇರುವುದು ಮೂರು ಕಿಲೋಮೀಟರ್ ಆಚೆ, ಗುಡ್ಡದ ಮೇಲೆ. ಹಡಗು ನಿಲ್ಲುವುದು ಲೀತಿನಲ್ಲಿ, ಮೂಟೆ ಹೊರುವವರು ಲೀತಿನವರು, ವ್ಯಾಪಾರದ ಹಕ್ಕು ಮಾತ್ರ ಗುಡ್ಡದ ಮೇಲಿನವರದು. ಲೀತ್ ನಿವಾಸಿಯನ್ನು ಪಾಲುದಾರನಾಗಿ ಸೇರಿಸಿಕೊಂಡ ಎಡಿನ್‌ಬರೋ ವರ್ತಕನಿಗೆ ದಂಡ ಹಾಕಬೇಕೆಂದು 1485ರಲ್ಲಿ ಆಜ್ಞೆಯೇ ಹೊರಟಿತ್ತು.

ಆಳುವ ಹಕ್ಕಿಲ್ಲದ ಊರಿನವರು ಸಂಘ ಕಟ್ಟಿಕೊಂಡರು. ನಾವಿಕರು, ವರ್ತಕರು, ಮಾಲ್ಟ್ ತಯಾರಿಸುವವರು, ಕುಶಲಕರ್ಮಿಗಳು, ಹೀಗೆ ನಾಲ್ಕು. ಇವುಗಳಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ನಾವಿಕರ ಸಂಘ, ಟ್ರಿನಿಟಿ ಹೌಸ್. ಅದರ ಆದಾಯ ಮೂಲ ಲೀತಿನಲ್ಲಿ ಏರಿಳಿಯುವ ಸರಕಿನ ಮೇಲೆ ವಸೂಲಾಗುತ್ತಿದ್ದ ‘ಪ್ರೈಮ್ ಗಿಲ್ಟ್’ ಎಂಬ ತೆರಿಗೆ. ಆ ಹಣದಿಂದ ದುಡಿಯಲಾಗದ ನಾವಿಕರನ್ನು, ಕಡಲು ನುಂಗಿದವರ ಹೆಂಡತಿ ಮಕ್ಕಳನ್ನು ಸಾಕುತ್ತಿದ್ದರು. ಹಡಗುಗಳಿಗೆ ದಾರಿ ತೋರುವ ಪೈಲಟ್‌ಗಳಿಗೆ ಪರವಾನಗಿ ಕೊಡುತ್ತಿದ್ದವರೂ ಇವರೇ. ಕರ್ಕ್‌ಗೇಟ್ ಬೀದಿಯಲ್ಲಿ ಇಂದಿರುವ ಕಟ್ಟಡ 1816ರಿಂದ 18ರೊಳಗೆ ಎದ್ದದ್ದು. ಗೋಡೆಯಲ್ಲಿ ಹಳೆಯ ಕಟ್ಟಡದ ಕಲ್ಲೊಂದನ್ನು ಉಳಿಸಿಕೊಂಡಿದ್ದಾರೆ. ಹಡಗಿನ ಒಡೆಯರೂ ನಾವಿಕರೂ ಬಡವರಿಗಾಗಿ ಈ ಮನೆ ಕಟ್ಟುತ್ತಿದ್ದಾರೆ, 1555ನೇ ಇಸವಿ ಎಂದು ಅದರಲ್ಲಿ ಕೊರೆದಿದೆ. ಒಳಗಿನ ಸಭಾಂಗಣದಲ್ಲಿ ಡೇವಿಡ್ ಸ್ಕಾಟ್ 1842ರಲ್ಲಿ ಬಿಡಿಸಿದ ಭಾರೀ ಚಿತ್ರ: ಗುಡ್‌ಹೋಪ್ ಭೂಶಿರದ ಬಳಿ ಬಿರುಗಾಳಿಯ ಭೂತಕ್ಕೆ ಎದುರಾಗಿ ನಿಂತ ವಾಸ್ಕೋ ಡ ಗಾಮ. ಆಮೇಲೆ ಆತ ನಮ್ಮ ಪಡುಗಡಲಿಗೇ ಬಂದನಲ್ಲ! ಪೋರ್ಚುಗೀಸರ ಕೈಯಲ್ಲಿ ಮಂಗಳೂರು ಪಟ್ಟ ಪಾಡು ಓದಿಕೊಂಡಿರುವ ನಾನು ಅಲ್ಲಿ ಭೂತದ ಪಕ್ಷ ವಹಿಸಿದೆ.

ಈಗ ಡಾಕ್‌ಗಳ ವಿಚಾರಕ್ಕೆ ಬರೋಣ. ವಾಟರ್ ಆಫ್ ಲೀತ್ ಎಂಬ ಸಣ್ಣ ನದಿ ಕಡಲು ಸೇರುವಲ್ಲಿ ಹಳೆಯ ಬಂದರಿತ್ತು. ಬಾಯಿಗೆ ಅಡ್ಡಲಾಗಿ ಮರಳುದಿಬ್ಬ. ಇಳಿತದ ಹೊತ್ತಿಗೆ ನೀರೆಲ್ಲ ಹಿಂದೆ ಸರಿದು ಹಡಗುಗಳು ಕೆಸರಿನಲ್ಲಿ ಕೂರುತ್ತಿದ್ದವು. ನೇತ್ರಾವತಿಯ ಅಳಿವೆಯಲ್ಲಿ ಜೀವ ಕೈಯಲ್ಲಿ ಹಿಡಿದು ದೋಣಿ ದಾಟಿಸುವವರಿಗೆ ಈ ಸಂಕಟ ವಿವರಿಸಬೇಕಾಗಿಲ್ಲ. ಎಂಜಿನಿಯರ್ ಜಾನ್ ರೆನ್ನಿ ಸೂಚಿಸಿದ ಪರಿಹಾರ ಬಾಗಿಲುಳ್ಳ ಕಲ್ಲಿನ ಕೊಳ. ಉಬ್ಬರದಲ್ಲಿ ಬಾಗಿಲು ತೆರೆದು ಹಡಗನ್ನು ಒಳಗೆ ತೆಗೆದುಕೊಳ್ಳುವುದು, ನೀರು ಇಳಿಯುವ ಮೊದಲೇ ಮುಚ್ಚುವುದು. ಹೊರಗೆ ಕಡಲು ಎಷ್ಟೇ ತಗ್ಗಲಿ, ಒಳಗೆ ಹಡಗು ತೇಲುತ್ತಲೇ ಇರುತ್ತದೆ. ಮೊದಲ ಕೊಳ 1806ರಲ್ಲಿ, ಎರಡನೆಯದು 1817ರಲ್ಲಿ ತಯಾರಾಯಿತು.

ಕೆಲಸ ಚೆನ್ನಾಗಿಯೇ ಆಯಿತು, ಸಾಲ ಮಾತ್ರ ತೀರಲಿಲ್ಲ. ಬಂದರಿನ ಒಡೆತನ ಎಡಿನ್‌ಬರೋದಾದ್ದರಿಂದ ಸಾಲವೂ ಅದರ ತಲೆಗೇ ಬಂತು. 1825ರಲ್ಲಿ ಡಾಕ್‌ಗಳನ್ನು ಖಾಸಗಿ ಕಂಪನಿಗೆ ದಾಟಿಸಲು ನಗರ ಹೊರಟಾಗ ಲೀತಿನವರು ಗಲಾಟೆ ಎಬ್ಬಿಸಿ ತಡೆದರು. 1833ರಲ್ಲಿ ಎಡಿನ್‌ಬರೋ ನಗರವೇ ದಿವಾಳಿಯೆದ್ದಿತು. ಡಾಕ್ ಸಾಲ ಅದಕ್ಕೊಂದು ದೊಡ್ಡ ಕಾರಣ. ಅದೇ ವರ್ಷ ಲೀತ್ ಸ್ವತಂತ್ರ ಪುರಸಭೆಯಾಯಿತು! ಕಡತದಲ್ಲಿ ಇಷ್ಟು ಅಚ್ಚುಕಟ್ಟಾದ ಸೇಡು ನಾನು ಇನ್ನೊಂದು ಕಂಡಿಲ್ಲ.

ಆದರೂ ಬಂದರು ಪೂರ್ತಿ ಕೈಗೆ ಬರಲಿಲ್ಲ. 1838ರಿಂದ ಅದನ್ನು ನೋಡಿಕೊಂಡದ್ದು ಸರಕಾರ, ಎಡಿನ್‌ಬರೋ, ಲೀತ್ ಮೂವರ ಪ್ರತಿನಿಧಿಗಳೂ ಇದ್ದ ಆಯೋಗ. ಅದರ ಕಾಲದಲ್ಲಿ ಡಾಕ್‌ಗಳು ಒಂದರ ಹಿಂದೆ ಒಂದು ಬಂದವು: 1851ರಲ್ಲಿ ವಿಕ್ಟೋರಿಯಾ, 1869ರಲ್ಲಿ ಆಲ್ಬರ್ಟ್, 1881ರಲ್ಲಿ ಎಡಿನ್‌ಬರೋ, 1904ರಲ್ಲಿ ಇಂಪೀರಿಯಲ್. ರೆನ್ನಿಯ ಕೊಳಗಳನ್ನು ಆಮೇಲೆ ಮಣ್ಣು ಹಾಕಿ ಮುಚ್ಚಿದರು; ಹಡಗು ತೇಲುತ್ತಿದ್ದ ಆ ಜಾಗದಲ್ಲೀಗ ಸ್ಕಾಟ್ಲೆಂಡ್ ಸರಕಾರದ ಕಚೇರಿಯಿದೆ. ಹಡಗು ಕಟ್ಟುವ ಕೊನೆಯ ದೊಡ್ಡ ಅಂಗಳ 1984ರಲ್ಲಿ ಮುಚ್ಚಿತು.

ಪುರಸಭೆಯ ಆಯುಷ್ಯ 87 ವರ್ಷ. 1920ರಲ್ಲಿ ಲೀತನ್ನು ಎಡಿನ್‌ಬರೋಗೆ ಸೇರಿಸುವ ಮಾತು ಬಂದಾಗ ಊರಿನವರು ಮತ ಹಾಕಿದರು: ಬೇಡ ಎಂದವರು 26,810, ಬೇಕು ಎಂದವರು 4,340. ಸಂಸತ್ತು ಸೇರಿಸಿಯೇ ಬಿಟ್ಟಿತು. ಊರಿನ ಹಳಬರಿಗೆ ಇದರ ಸಿಟ್ಟು ಇನ್ನೂ ಇಳಿದಿಲ್ಲ. ಹಾಗೆಂದು ಲಾಭವೇ ಆಗಲಿಲ್ಲ ಎನ್ನುವಂತಿಲ್ಲ. ಅಲ್ಲಿಯವರೆಗೆ ಲೀತಿನ ಟ್ರಾಮ್ ವಿದ್ಯುತ್ತಿನದು, ಎಡಿನ್‌ಬರೋದ್ದು ನೆಲದಡಿಯ ಹಗ್ಗ ಎಳೆಯುವಂಥದು. ಗಡಿಯಲ್ಲಿದ್ದ ಪಿಲ್ರಿಗ್‌ನಲ್ಲಿ ಎಲ್ಲರೂ ಗಂಟುಮೂಟೆ ಸಮೇತ ಇಳಿದು, ಮಳೆಯಲ್ಲಿ ನೆನೆದು, ಇನ್ನೊಂದು ಟ್ರಾಮ್ ಹತ್ತಬೇಕಿತ್ತು. ಆ ಕಾಟ 1922ರಲ್ಲಿ ತಪ್ಪಿತು.