ವಿದ್ಯುತ್ ಹಲ್ಲುಬ್ರಷ್ಷಿನ ಆಯ್ಕೆ

“ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ” ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಮುಪ್ಪು ಬಂದರೆ ಹಲ್ಲು ಹೋಗಿಯೇ ತೀರುವುದೆಂದು ಈ ಗಾದೆ ಒಪ್ಪಿಕೊಂಡಂತಿದೆ. ಇಂದಿನ ದಂತವಿಜ್ಞಾನವು ಇದನ್ನು ಒಪ್ಪುವುದಿಲ್ಲ. ವಯಸ್ಸಾದ ಮಾತ್ರಕ್ಕೆ ಹಲ್ಲು ಬೀಳಬೇಕೆಂಬ ನಿಯಮವೇನೂ ಇಲ್ಲ. ಅವು ಬಹುಮಟ್ಟಿಗೆ ಹೋಗುವುದು ಹುಳುಕಿನಿಂದ ಮತ್ತು ಒಸಡಿನ ರೋಗದಿಂದ. ಇವೆರಡಕ್ಕೂ ಹಲ್ಲಿನ ಮೇಲೆ ದಿನದಿನವೂ ಕಟ್ಟುವ ಒಂದು ತೆಳುವಾದ, ಅಂಟಾದ ಪೊರೆಯೇ ಮುಖ್ಯ ಕಾರಣ. ಇದನ್ನು ನಾವು ಪಾಚಿ ಎನ್ನುತ್ತೇವೆ. ಇದು ಕೇವಲ ಕೊಳೆಯಲ್ಲ. ಕೋಟ್ಯಂತರ ಸೂಕ್ಷ್ಮಜೀವಿಗಳ ವಸತಿ. ತೆಗೆಯದೆ ಬಿಟ್ಟರೆ ಎಂಜಲಿನಲ್ಲಿರುವ ಸುಣ್ಣದ ಅಂಶ ಸೇರಿ ಕೆಲವು ದಿನಗಳಲ್ಲೇ ಗಟ್ಟಿಯಾಗಿ ಹಲ್ಲುಗಾರೆಯಾಗುತ್ತದೆ. ಗಾರೆಯಾದ ಮೇಲೆ ಯಾವ ಬ್ರಷ್ಷಿಗೂ ಅದು ಜಗ್ಗುವುದಿಲ್ಲ. ದಂತವೈದ್ಯರ ಉಪಕರಣವೇ ಬೇಕು. ಆದ್ದರಿಂದ ಪಾಚಿಯು ಮೆತ್ತಗಿರುವಾಗಲೇ ಅದನ್ನು ದಿನಕ್ಕೆ ಎರಡು ಬಾರಿ ತೆಗೆದುಹಾಕುವುದೇ ಹಲ್ಲುಜ್ಜುವುದರ ಮುಖ್ಯ ಉದ್ದೇಶ.

ಈ ವಿಷಯವನ್ನು ನಾನು ವಿಚಾರಮಾಡಬೇಕಾಗಿ ಬಂದುದು ನನ್ನ ತಂದೆಯವರ ನಿಮಿತ್ತ. ನಮ್ಮದು ಹರಿಹರದ ಮಗ್ಗುಲಿನ ಗುತ್ತೂರು. 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಆರಂಭವಾದ ಮೇಲೆ ಸುತ್ತಣ ಊರುಗಳಲ್ಲಿ ಲೇತ್ ಎಂಬ ಮಾತು ಮನೆಮಾತಾಯಿತು. ಆ ಕಾರ್ಖಾನೆ ಈಗ ಮುಚ್ಚಿದ್ದರೂ ಆ ಕಸುಬು ಉಳಿದಿದೆ. ತಂದೆಯವರು ಒಂದು ಸಣ್ಣ ಯಂತ್ರಶಾಲೆಯಲ್ಲಿ ಜೀವಮಾನವೆಲ್ಲ ಲೇತಿನ ಮುಂದೆ ನಿಂತು ದುಡಿದವರು. ಈಗ ಅವರ ಬಲಗೈ ಬೆರಳುಗಳ ಕೀಲು ಬಿಗಿದಿವೆ. ಅಂಗಿಯ ಗುಂಡಿ ಹಾಕಿಕೊಳ್ಳುವುದೂ ಕಷ್ಟ. ಒಸಡಿನಲ್ಲಿ ರಕ್ತ ಬರುತ್ತಿದ್ದುದರಿಂದ ದಾವಣಗೆರೆಯ ದಂತವೈದ್ಯರೊಬ್ಬರಲ್ಲಿಗೆ ಕರೆದೊಯ್ದೆ. ಹಿಂದಿನ ಎರಡು ದವಡೆಹಲ್ಲು ಸಡಿಲವಾಗಿರುವುದನ್ನು ತೋರಿಸಿ ಅವರು ಹೇಳಿದ ಮಾತು ಇಷ್ಟೆ: “ಇವರಿಗೆ ಉಜ್ಜುವ ಮನಸ್ಸಿದೆ, ಉಜ್ಜುವ ಕೈಯಿಲ್ಲ. ಉಳಿದ ಹಲ್ಲುಗಳನ್ನು ಉಳಿಸಿಕೊಳ್ಳಬೇಕಾದರೆ ಕೈಯ ಕೆಲಸವನ್ನು ಯಂತ್ರಕ್ಕೆ ವಹಿಸಿ.” ಅಂಗಡಿಗೆ ಹೋದರೆ ಕೆಲವು ನೂರು ರೂಪಾಯಿಯ ಬ್ರಷ್ಷಿನಿಂದ ಹಿಡಿದು ಹತ್ತು ಸಾವಿರವನ್ನು ಮೀರಿದ್ದರವರೆಗೆ ಸಾಲುಸಾಲಾಗಿ ಇಟ್ಟಿದ್ದರು. ಇವುಗಳಲ್ಲಿ ಯಾವುದು, ಏಕೆ ಎಂಬುದನ್ನು ಆ ದಂತವೈದ್ಯರಿಂದಲೂ ಗ್ರಂಥಗಳಿಂದಲೂ ತಿಳಿದುಕೊಂಡೆ. ಹಾಗೆ ತಿಳಿದುದನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಇದರ ಪೂರ್ವೇತಿಹಾಸ

ಬೇವಿನ ಕಡ್ಡಿ, ಜಾಲಿಯ ಕಡ್ಡಿಗಳಿಂದ ಹಲ್ಲುಜ್ಜುತ್ತಿದ್ದ ಕಾಲವನ್ನು ನಮ್ಮ ಹಿರಿಯರು ಕಂಡಿದ್ದಾರೆ. ಪಶ್ಚಿಮದಲ್ಲಿ ಹಂದಿಯ ಕೂದಲಿನ ಬ್ರಷ್ಷು ಬಳಕೆಯಲ್ಲಿತ್ತು. 1938ರಲ್ಲಿ ಅಮೆರಿಕೆಯಲ್ಲಿ ನೈಲಾನ್ ಎಳೆಯ ಬ್ರಷ್ಷು ಬಂದ ಮೇಲೆ ಅದೇ ಲೋಕವನ್ನೆಲ್ಲ ವ್ಯಾಪಿಸಿತು. ವಿದ್ಯುತ್ತಿನಿಂದ ಚಲಿಸುವ ಬ್ರಷ್ಷನ್ನು 1954ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಫಿಲಿಪ್ ಗೀ ವೂಗ್ ಎಂಬಾತನು ನಿರ್ಮಿಸಿದನು. ಬ್ರಾಕ್ಸೋಡೆಂಟ್ ಎಂಬ ಹೆಸರಿನ ಈ ಉಪಕರಣವು ಗೋಡೆಯ ಸಾಕೆಟ್ಟಿಗೆ ತಂತಿಯಿಂದ ಜೋಡಿಸಬೇಕಾದದ್ದು. ಇದನ್ನು ಯೋಜಿಸಿದ್ದು ಮುಖ್ಯವಾಗಿ ಕೈಯ ಚಲನೆ ಕುಂದಿದ ರೋಗಿಗಳಿಗೆ ಮತ್ತು ಹಲ್ಲಿಗೆ ತಂತಿ ಕಟ್ಟಿಸಿಕೊಂಡವರಿಗೆ ಎಂಬುದನ್ನು ಗಮನಿಸಬೇಕು. ಇಂದು ವಿಲಾಸದ ವಸ್ತುವಿನಂತೆ ಕಾಣುವ ಈ ಬ್ರಷ್ಷು ಹುಟ್ಟಿದ್ದು ಅಶಕ್ತರ ಊರುಗೋಲಾಗಿ. 1961ರಲ್ಲಿ ತಂತಿಯಿಲ್ಲದೆ, ತುಂಬಿಸಬಲ್ಲ ಬ್ಯಾಟರಿಯಿಂದ ನಡೆಯುವ ಬ್ರಷ್ಷು ಅಮೆರಿಕೆಯಲ್ಲಿ ಬಂದಿತು. ಈಗ ನಮ್ಮ ಅಂಗಡಿಗಳಲ್ಲಿ ದೊರೆಯುವುವು ಅದರ ವಂಶದವು.

ಎರಡು ಜಾತಿಗಳು

ಹೆಸರುಗಳು ಎಷ್ಟೇ ಇರಲಿ, ಮುಖ್ಯವಾಗಿ ಎರಡು ಜಾತಿಗಳಿವೆ. ಮೊದಲನೆಯದು ತಿರುಗುವ ಜಾತಿ. ಇದರ ತಲೆ ಚಿಕ್ಕದು, ದುಂಡಗಿನದು. ಅದು ಪೂರ್ತಿ ಸುತ್ತದೆ, ಸ್ವಲ್ಪ ಬಲಕ್ಕೆ ಸ್ವಲ್ಪ ಎಡಕ್ಕೆ ಎಂದು ನಿಮಿಷಕ್ಕೆ ಸಾವಿರಾರು ಬಾರಿ ಹೊರಳುತ್ತದೆ. ಒಂದೊಂದೇ ಹಲ್ಲನ್ನು ಬಟ್ಟಲಿನಂತೆ ಹಿಡಿದು ಶುದ್ಧಮಾಡುವುದು ಇದರ ಕ್ರಮ. ಎರಡನೆಯದು ಕಂಪಿಸುವ ಜಾತಿ. ಇದನ್ನು ಸೋನಿಕ್ ಎನ್ನುತ್ತಾರೆ. ಇದರ ತಲೆ ಸಾಮಾನ್ಯ ಬ್ರಷ್ಷಿನಂತೆ ನೀಳವಾದದ್ದು. ಇದು ಅಕ್ಕಪಕ್ಕಕ್ಕೆ ನಿಮಿಷಕ್ಕೆ ಸುಮಾರು 31,000 ಬಾರಿ ಅದುರುತ್ತದೆ. ಆ ಅದುರಿನ ಗುಂಯ್‌ಗುಟ್ಟುವ ಶಬ್ದ ಕಿವಿಗೆ ಕೇಳಿಸುವುದರಿಂದಲೇ ಶಬ್ದಾರ್ಥಕವಾದ ಆ ಹೆಸರು.

ಇವು ಕೈಬ್ರಷ್ಷಿಗಿಂತ ನಿಜವಾಗಿ ಮೇಲೋ? ಈ ಪ್ರಶ್ನೆಗೆ ಅಂಗಡಿಯವರ ಮಾತು ಪ್ರಮಾಣವಲ್ಲ. ವೈದ್ಯಕೀಯ ಪ್ರಯೋಗಗಳನ್ನು ಒಟ್ಟುಗೂಡಿಸಿ ತೂಗಿನೋಡುವ ಕಾಕ್ರೇನ್ ಎಂಬ ಅಂತರರಾಷ್ಟ್ರೀಯ ಸಂಸ್ಥೆಯು 2014ರಲ್ಲಿ ಈ ಕುರಿತು ಒಂದು ವಿಮರ್ಶೆಯನ್ನು ಪ್ರಕಟಿಸಿತು. 56 ಪ್ರಯೋಗಗಳನ್ನೂ ಅವುಗಳಲ್ಲಿ ಭಾಗವಹಿಸಿದ 5,068 ಜನರನ್ನೂ ಅದು ಪರಿಶೀಲಿಸಿತು. ಕೈಬ್ರಷ್ಷಿಗೆ ಹೋಲಿಸಿದರೆ ವಿದ್ಯುತ್ ಬ್ರಷ್ಷು ಬಳಸಿದವರಲ್ಲಿ ಒಂದರಿಂದ ಮೂರು ತಿಂಗಳಲ್ಲಿ ಪಾಚಿ ಶೇಕಡ 11ರಷ್ಟೂ, ಮೂರು ತಿಂಗಳು ಮೀರಿದ ಮೇಲೆ ಶೇಕಡ 21ರಷ್ಟೂ ಕಡಿಮೆಯಾಗಿತ್ತು. ಒಸಡಿನ ಉರಿಯೂತದಲ್ಲಿ ಈ ಇಳಿತ ಕ್ರಮವಾಗಿ ಶೇಕಡ 6 ಮತ್ತು 11. ತಿರುಗುವ ಜಾತಿಯ ಬಗೆಗೇ ಹೆಚ್ಚಿನ ಸಾಕ್ಷ್ಯ ದೊರೆತಿತ್ತು. ಲಾಭವಿದೆ, ಆದರೆ ಪವಾಡವಿಲ್ಲ ಎಂಬುದೇ ಇದರ ತಾತ್ಪರ್ಯ. ಕೈಬ್ರಷ್ಷಿನಿಂದ ಎರಡು ನಿಮಿಷ ಶ್ರದ್ಧೆಯಿಂದ ಉಜ್ಜಬಲ್ಲ, ಒಸಡು ಗಟ್ಟಿಯಾಗಿರುವ ತರುಣನು ಇದನ್ನು ಕೊಳ್ಳಲೇಬೇಕೆಂದಿಲ್ಲ. ಅವನ ಹಣ ಪುಸ್ತಕಕ್ಕೆ ಹೋದರೂ ನಷ್ಟವಿಲ್ಲ. ಕೀಲುನೋವಿನವರು, ಪಾರ್ಶ್ವವಾಯು ಬಡಿದವರು, ಕೈ ನಡುಗುವ ವೃದ್ಧರು, ಹಲ್ಲಿಗೆ ತಂತಿ ಕಟ್ಟಿಸಿಕೊಂಡವರು, ಅವಸರದಲ್ಲಿ ಅರ್ಧ ನಿಮಿಷಕ್ಕೆ ಉಜ್ಜಿ ಮುಗಿಸುವವರು, ಒತ್ತಿ ಒತ್ತಿ ಉಜ್ಜಿ ಒಸಡು ಸವೆಸಿಕೊಂಡವರು, ಇಂಥವರಿಗೆ ಇದು ಉಪಕಾರಿ.

ಕೊಳ್ಳುವಾಗ ನೋಡಬೇಕಾದವು

ಮೊದಲನೆಯದಾಗಿ, ಕಾಲಸೂಚಕ. ಎರಡು ನಿಮಿಷವಾದ ಮೇಲೆ ತಾನೇ ತಿಳಿಸುವ ಅಥವಾ ನಿಲ್ಲುವ ಏರ್ಪಾಡು ಅವಶ್ಯ. ಬಾಯನ್ನು ಮೇಲೆ ಕೆಳಗೆ, ಬಲ ಎಡ ಎಂದು ನಾಲ್ಕು ಭಾಗಮಾಡಿ ಪ್ರತಿ 30 ಸೆಕೆಂಡಿಗೆ ಒಮ್ಮೆ ಸೂಚನೆ ಕೊಡುವುದಾದರೆ ಇನ್ನೂ ಒಳ್ಳೆಯದು.

ಎರಡನೆಯದು, ಒತ್ತಡದ ಎಚ್ಚರಿಕೆ. ಹೆಚ್ಚು ಒತ್ತಿದಾಗ ದೀಪ ಹೊತ್ತಿಸುವ ಅಥವಾ ವೇಗ ತಗ್ಗಿಸುವ ಈ ಏರ್ಪಾಡನ್ನು ವಿವರಿಸಿದಾಗ ನನ್ನ ತಂದೆಯವರಿಗೆ ಅದು ಒಡನೆಯೇ ತಿಳಿಯಿತು. “ಲೇತಿನಲ್ಲಿಯೂ ಅಷ್ಟೆ. ತಿರುಗುವ ಕೆಲಸ ಯಂತ್ರದ್ದು, ತೋರಿಸುವ ಕೆಲಸ ನಮ್ಮದು. ಉಳಿಯನ್ನು ಒತ್ತಿದರೆ ಕೆಲಸವೂ ಕೆಡುತ್ತದೆ, ಉಳಿಯೂ ಕೆಡುತ್ತದೆ” ಎಂದರು. ಹಲ್ಲಿನ ವಿಷಯದಲ್ಲಿ ಕೆಡುವುದು ಒಸಡು ಮತ್ತು ಹಲ್ಲಿನ ಬುಡ. ಒಮ್ಮೆ ಕೆಳಗಿಳಿದ ಒಸಡು ತಾನಾಗಿ ಮೇಲೇರುವುದಿಲ್ಲ.

ಮೂರನೆಯದು, ಎಳೆಗಳ ಮೃದುತ್ವ. ಪೊಟ್ಟಣದ ಮೇಲೆ “ಸಾಫ್ಟ್” ಎಂದಿರುವುದನ್ನೇ ಆರಿಸಬೇಕು. ಗಡುಸಾದ ಎಳೆ ಚೆನ್ನಾಗಿ ಶುದ್ಧಮಾಡುತ್ತದೆಂಬುದು ತಪ್ಪು ತಿಳಿವಳಿಕೆ.

ನಾಲ್ಕನೆಯದು, ಬ್ರಷ್ಷಿನ ತಲೆ. ಕೊಳ್ಳುವವರು ಸಾಮಾನ್ಯವಾಗಿ ಮರೆಯುವುದು ಇದನ್ನೇ. ಎಳೆಗಳು ಸವೆಯುವುದರಿಂದ ಸುಮಾರು ಮೂರು ತಿಂಗಳಿಗೊಮ್ಮೆ ತಲೆಯನ್ನು ಬದಲಿಸಬೇಕು. ಒಂದು ತಲೆಗೆ 300 ರೂಪಾಯಿ ಎಂದಿಟ್ಟುಕೊಂಡರೆ ವರ್ಷಕ್ಕೆ ನಾಲ್ಕು ತಲೆಗೆ 1,200 ರೂಪಾಯಿ. ಐದು ವರ್ಷಕ್ಕೆ 6,000. ಹಿಡಿಯನ್ನು ಅಗ್ಗಕ್ಕೆ ಕೊಂಡು ತಲೆಗೆ ದುಬಾರಿ ತೆರುವುದು “ಕುದುರೆಗಿಂತ ಜೀನು ದುಬಾರಿ” ಎಂಬಂತಾಗುತ್ತದೆ. ಒಂದು ತಯಾರಕರ ತಲೆ ಇನ್ನೊಬ್ಬರ ಹಿಡಿಗೆ ಸಾಮಾನ್ಯವಾಗಿ ಹೊಂದದು. ಆದ್ದರಿಂದ ಹಿಡಿಯ ಬೆಲೆಗೆ ಮೊದಲು ತಲೆಯ ಬೆಲೆ ಕೇಳಿ. ಅದು ದಾವಣಗೆರೆಯಲ್ಲೋ ಹರಿಹರದಲ್ಲೋ ಸದಾ ದೊರೆಯುವುದೇ ಎಂದೂ ಕೇಳಿ. ಒಂದೇ ಹಿಡಿಗೆ ಮನೆಯವರೆಲ್ಲ ತಮ್ಮ ತಮ್ಮ ತಲೆಯನ್ನು ಜೋಡಿಸಿ ಬಳಸಬಹುದು. ಗುರುತಿಗಾಗಿ ಬೇರೆ ಬೇರೆ ಬಣ್ಣದ ಉಂಗುರಗಳಿರುತ್ತವೆ. ತಲೆಯನ್ನು ಮಾತ್ರ ಎಂದೂ ಹಂಚಿಕೊಳ್ಳಬಾರದು.

ಐದನೆಯದು, ವಿದ್ಯುತ್ತಿನ ವ್ಯವಸ್ಥೆ. ಬಿಡಿ ಬ್ಯಾಟರಿ ಹಾಕುವ ಅಗ್ಗದ ಬ್ರಷ್ಷುಗಳಲ್ಲಿ ಬ್ಯಾಟರಿ ಇಳಿದಂತೆ ವೇಗವೂ ಇಳಿಯುತ್ತದೆ. ದಿನಬಳಕೆಗೆ, ತುಂಬಿಸಬಲ್ಲ ಬ್ಯಾಟರಿಯುಳ್ಳದ್ದೇ ಮೇಲು. ಇಂಥ ಬ್ರಷ್ಷುಗಳಲ್ಲಿ ಅನೇಕವನ್ನು ಪೀಠದ ಮೇಲೆ ನಿಲ್ಲಿಸಿದರೆ ಲೋಹಕ್ಕೆ ಲೋಹ ತಗಲದೆಯೇ ವಿದ್ಯುತ್ತು ಹರಿಯುತ್ತದೆ. ಇದು 1831ರಲ್ಲಿ ಫ್ಯಾರಡೆ ಕಂಡುಹಿಡಿದ ಪ್ರೇರಣೆಯ ತತ್ತ್ವ. ಪೀಠದಲ್ಲೊಂದು ತಂತಿಯ ಸುರುಳಿ, ಹಿಡಿಯಲ್ಲೊಂದು ಸುರುಳಿ. ಒಂದರ ಕಾಂತಕ್ಷೇತ್ರ ಬದಲಾದಂತೆ ಇನ್ನೊಂದರಲ್ಲಿ ವಿದ್ಯುತ್ತು ಹುಟ್ಟುತ್ತದೆ. ಗುತ್ತೂರಿನ ಹೆಸರಿನ 400 ಕಿಲೋವೋಲ್ಟಿನ ವಿದ್ಯುತ್ ಕೇಂದ್ರದಲ್ಲಿ ಕೈಗಾದ ಕಡೆಯಿಂದ ಬಂದ ವಿದ್ಯುತ್ತನ್ನು ತಗ್ಗಿಸುವ ಭಾರಿ ಪರಿವರ್ತಕಗಳು ನಡೆಯುವುದೂ ಇದೇ ತತ್ತ್ವದಿಂದ, ಭೇದವಿರುವುದು ಗಾತ್ರದಲ್ಲಿ. ಖರ್ಚಿನ ಭಯ ಬೇಡ. ಪೀಠವು ಒಂದು ವ್ಯಾಟ್ ಎಳೆಯುವುದೆಂದಿಟ್ಟುಕೊಂಡು ವರ್ಷವೆಲ್ಲ ಬಿಡದೆ ಇಟ್ಟರೂ ಒಂಬತ್ತು ಯೂನಿಟ್ಟಿನೊಳಗೇ ಆಗುತ್ತದೆ. ಪರದೇಶದಿಂದ ತಂದದ್ದಾದರೆ ಅದು ನಮ್ಮ 230 ವೋಲ್ಟಿಗೆ ಒಗ್ಗುವುದೇ ಎಂದು ಮೊದಲು ನೋಡಬೇಕು. ಎದೆಯಲ್ಲಿ ಪೇಸ್‌ಮೇಕರ್ ಇರುವವರು ಕೊಳ್ಳುವ ಮುನ್ನ ತಮ್ಮ ವೈದ್ಯರನ್ನು ಕೇಳುವುದು ಕ್ಷೇಮ.

ಆರನೆಯದು, ಹಿಡಿಯ ಗಾತ್ರ. ಬೆರಳು ಬಿಗಿದವರಿಗೆ ತೆಳ್ಳಗಿನ ಹಿಡಿಗಿಂತ ದಪ್ಪನೆಯ, ಜಾರದ ಹಿಡಿ ಅನುಕೂಲ. ಗುಂಡಿ ಸುಲಭವಾಗಿ ಅದುಮುವಂತಿರಬೇಕು. ಆದುದರಿಂದ ಉಪಯೋಗಿಸುವವರನ್ನೇ ಅಂಗಡಿಗೆ ಕರೆದೊಯ್ದು ಅವರ ಕೈಗೆ ಕೊಟ್ಟು ನೋಡುವುದು ಒಳ್ಳೆಯದು.

ಇಷ್ಟನ್ನು ಬಿಟ್ಟರೆ ಉಳಿದದ್ದು ಅಲಂಕಾರ. ಐದಾರು ಬಗೆಯ ವೇಗ, ಬಣ್ಣದ ದೀಪ, ದೂರವಾಣಿಗೆ ಸುದ್ದಿ ಕಳುಹಿಸುವ ಏರ್ಪಾಡು ಇವುಗಳಿಂದ ಬೆಲೆ ಏರುವುದೇ ಹೊರತು ಪಾಚಿ ಹೆಚ್ಚು ಹೋಗುವುದಿಲ್ಲ. ನಾವು ಕೊನೆಗೆ ಆರಿಸಿದ್ದು ಕಾಲಸೂಚಕವೂ ಒತ್ತಡದ ಎಚ್ಚರಿಕೆಯೂ ಇರುವ, ಒಂದೇ ವೇಗದ, ತಿರುಗುವ ಜಾತಿಯದು. ಅದರ ತಲೆ ದಾವಣಗೆರೆಯ ಹಲವು ಅಂಗಡಿಗಳಲ್ಲಿ ದೊರೆಯುತ್ತದೆ.

ಬಳಸುವ ಕ್ರಮ

ಕೈಬ್ರಷ್ಷಿನಂತೆ ಇದನ್ನು ಹಿಂದಕ್ಕೆ ಮುಂದಕ್ಕೆ ಎಳೆದಾಡಕೂಡದು. ಕಡಲೆಬೀಜದಷ್ಟು ಪೇಸ್ಟು ಹಾಕಿ, ಬಾಯೊಳಗಿಟ್ಟ ಮೇಲೆಯೇ ಗುಂಡಿ ಅದುಮಬೇಕು. ಇಲ್ಲವಾದರೆ ನೊರೆಯೆಲ್ಲ ಕನ್ನಡಿಯ ಪಾಲು. ಹಲ್ಲೂ ಒಸಡೂ ಕೂಡುವ ಗೆರೆಯ ಮೇಲೆ ತುಸು ಓರೆಯಾಗಿ ಇಟ್ಟು ಎರಡು ಮೂರು ಸೆಕೆಂಡು ನಿಲ್ಲಿಸಿ ಮುಂದಿನ ಹಲ್ಲಿಗೆ ಸರಿಸಬೇಕು. ಹೊರಮುಖ, ಒಳಮುಖ, ಅಗಿಯುವ ಮುಖ ಮೂರೂ ಆಗಬೇಕು. ಮೊದಲ ಕೆಲವು ದಿನ ಕಚಗುಳಿಯಾಗುವುದು, ತುಸು ರಕ್ತ ಕಾಣುವುದು ಉಂಟು. ಎರಡು ವಾರ ಮೀರಿದರೂ ರಕ್ತ ನಿಲ್ಲದಿದ್ದರೆ ವೈದ್ಯರನ್ನು ಕಾಣಬೇಕು. ಎರಡು ಹಲ್ಲುಗಳ ನಡುವಣ ಸಂದಿಗೆ ಈ ಬ್ರಷ್ಷೂ ಹೋಗದು. ಮಂಡಕ್ಕಿ ಮಿರ್ಚಿಯ ನಾಡಿನವರಾದ ನಮಗೆ ಸಂದಿಯಲ್ಲಿ ಏನೇನು ಸಿಕ್ಕಿಕೊಳ್ಳುತ್ತದೆಂದು ಹೇಳಬೇಕಾಗಿಲ್ಲ. ಅದಕ್ಕೆ ದಿನಕ್ಕೊಮ್ಮೆ ದಾರವೋ ಸಂದಿಬ್ರಷ್ಷೋ ಬೇಕು.

ಬ್ರಷ್ಷಿನಿಂದ ಆಗದ ಕೆಲಸಗಳೂ ಇವೆ. ಕಟ್ಟಿದ ಗಾರೆಯನ್ನು ಅದು ತೆಗೆಯದು. ಆದ್ದರಿಂದ ಮೊದಲು ದಂತವೈದ್ಯರಿಂದ ಹಲ್ಲು ಶುದ್ಧಮಾಡಿಸಿಕೊಂಡು ಆಮೇಲೆ ಬ್ರಷ್ಷು ಕೊಳ್ಳುವುದು ಸರಿಯಾದ ಕ್ರಮ. ದಾವಣಗೆರೆಯಲ್ಲಿ ಎರಡು ದಂತವೈದ್ಯ ಕಾಲೇಜುಗಳಿರುವುದು ನಮ್ಮ ಭಾಗ್ಯ. ಬಾಲ್ಯದಲ್ಲಿ ಫ್ಲೋರೈಡ್ ಹೆಚ್ಚಿದ ನೀರು ಕುಡಿದು ಹಲ್ಲಿನಲ್ಲಿ ಮೂಡಿದ ಕಂದು ಕಲೆ ಯಾವ ಬ್ರಷ್ಷಿಗೂ ಹೋಗದು. ಅದು ಹಲ್ಲು ರೂಪುಗೊಳ್ಳುವಾಗಲೇ ಒಳಗೆ ಸೇರಿದ ಕಲೆ. ಅಡಿಕೆ ಅಗಿಯುವವರಂತೂ ಕಲೆ ಹೋಯಿತೆಂದು ಸಮಾಧಾನ ಪಡುವಂತಿಲ್ಲ. ತಂಬಾಕು ಸೇರದ ಅಡಿಕೆಯೂ ಕ್ಯಾನ್ಸರಿಗೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2004ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ನಿರ್ಣಯಿಸಿದೆ. ಬಾಯಿ ಪೂರ್ತಿ ತೆರೆಯಲಾಗದಿದ್ದರೆ, ಒಳಗೆ ಬಿಳಿಯ ಮಚ್ಚೆ ಕಂಡರೆ ತಡಮಾಡಬಾರದು.

ಕೆಟ್ಟುಹೋದ ಹಿಡಿಯನ್ನು ತಿಪ್ಪೆಗೆ ಎಸೆಯದೆ, ಒಳಗೆ ಬ್ಯಾಟರಿಯಿರುವುದರಿಂದ ವಿದ್ಯುನ್ಮಾನ ತ್ಯಾಜ್ಯ ಸಂಗ್ರಹಿಸುವವರಿಗೆ ಕೊಡಬೇಕೆಂಬುದನ್ನೂ ನೆನಪಿಡತಕ್ಕದ್ದು.

ನಮ್ಮ ಮನೆಗಳಲ್ಲಿ ಹಿರಿಯರ ಕಣ್ಣಿಗೆ ಕನ್ನಡಕ ತರುತ್ತೇವೆ, ನಡಿಗೆಗೆ ಕೋಲು ತರುತ್ತೇವೆ. ಹಲ್ಲಿನ ಮಾತು ಬಂದಾಗ ಮಾತ್ರ “ವಯಸ್ಸಾಯಿತು, ಬಿಡಿ” ಎನ್ನುತ್ತೇವೆ. ರೊಟ್ಟಿಯನ್ನು ತಾವೇ ಅಗಿದು ತಿನ್ನುವುದು, ಮಾತನ್ನು ಸ್ಪಷ್ಟವಾಗಿ ಆಡುವುದು, ನಾಲ್ವರ ಮುಂದೆ ಬಾಯಿತುಂಬ ನಗುವುದು ಇವು ಸಣ್ಣ ಸುಖಗಳಲ್ಲ. ಈ ಸಂಚಿಕೆಯನ್ನು ಓದುವ ವಿದ್ಯಾರ್ಥಿಮಿತ್ರರು ತಮಗಾಗಿ ಬ್ರಷ್ಷು ಕೊಳ್ಳಲಿ, ಬಿಡಲಿ. ಮನೆಗೆ ಹೋದಾಗ ಒಮ್ಮೆ ತಂದೆತಾಯಿಗಳ ಕೈಯನ್ನು ನೋಡಲಿ. ಆ ಕೈಗೆ ಹಲ್ಲುಜ್ಜುವ ಶಕ್ತಿ ಉಳಿದಿದೆಯೇ ಎಂದು ವಿಚಾರಿಸಲಿ.