ಮೊಬೈಲ್ ಕಿತ್ಕೊಂಡ್ರೆ ಮಕ್ಕಳು ರಂಪ ಮಾಡೋದ್ಯಾಕೆ? ಪೋಷಕರು ತಿಳ್ಕೋಬೇಕಾದ ವಿಷ್ಯ ಇಲ್ಲಿದೆ

ಅಂಗಡೀಲಿ ಗಿರಾಕಿ ನಿಂತಿದ್ದಾರೆ, ಪಕ್ಕದಲ್ಲಿ ಮಗು ಅಳ್ತಿದೆ. ಸುಮ್ನಿರಲಿ ಅಂತ ಮೊಬೈಲ್ ಕೊಡ್ತೀವಿ. ಅರ್ಧ ಗಂಟೆ ಬಿಟ್ಟು ವಾಪಸ್ ಕೇಳಿದ್ರೆ ರಂಪ ಶುರು. ನಮ್ಮ ತಾಲೂಕಿನ ಬಹುತೇಕ ಮನೆಗಳ ಕಥೆ ಇದು. ಆದ್ರೆ ಇದು ಬರೀ ಮಗುವಿನ ಹಠ ಅಲ್ಲ.

ಬಿಡೋಕೆ ಆಗಲ್ಲ ಯಾಕೆ?

ಧಾರಾವಾಹಿ ಅರ್ಧ ಗಂಟೆಗೆ ಮುಗಿಯುತ್ತೆ. ರೀಲ್ಸ್‌ಗೆ ಕೊನೆಯೇ ಇಲ್ಲ. ಮುಂದಿನ ವಿಡಿಯೋ ಚೆನ್ನಾಗಿರುತ್ತೋ ಇಲ್ವೋ ಅನ್ನೋ ಕುತೂಹಲವೇ ಗಾಳ. ಲಾಟರಿ ಆಡೋರಿಗೆ 'ಇನ್ನೊಂದು ಟಿಕೆಟ್' ಅನ್ಸುತ್ತಲ್ಲ, ಹಾಗೆ. ಆಗ ಮೆದುಳಿನಲ್ಲಿ ಡೋಪಮೈನ್ ಅನ್ನೋ ರಾಸಾಯನಿಕ ಕೆಲಸ ಮಾಡುತ್ತೆ. ಹೀಗೆ ಕೊನೆಯಿಲ್ಲದೆ ಸ್ಕ್ರಾಲ್ ಆಗೋ ವ್ಯವಸ್ಥೆಯನ್ನು 2006ರಲ್ಲಿ ರೂಪಿಸಿದ ಅಮೆರಿಕದ ಅಝಾ ರಾಸ್ಕಿನ್ ಅವರೇ ಮುಂದೆ ಅದಕ್ಕಾಗಿ ವಿಷಾದಿಸಿದ್ದಾರೆ.

'ಸಾಕು, ನಿಲ್ಲಿಸು' ಅಂತ ಹೇಳೋ ಮೆದುಳಿನ ಮುಂಭಾಗ ಪೂರ್ತಿ ಬಲಿಯೋದು ಸುಮಾರು 25ನೇ ವಯಸ್ಸಿಗೆ. ದೊಡ್ಡವರಿಗೇ ಕಷ್ಟ ಆಗೋದನ್ನ ಹತ್ತು ವರ್ಷದ ಮಗು ಹೇಗೆ ಮಾಡುತ್ತೆ?

ಏನೇನು ತೊಂದರೆ?

ಮೊದಲ ಪೆಟ್ಟು ನಿದ್ದೆಗೆ. ರಾತ್ರಿ ಹೊದಿಕೆಯೊಳಗೆ ಮೊಬೈಲ್ ನೋಡಿದ ಹುಡುಗ ಬೆಳಿಗ್ಗೆ ಕ್ಲಾಸಿನಲ್ಲಿ ತೂಕಡಿಸ್ತಾನೆ, ಸಣ್ಣದಕ್ಕೂ ಸಿಡುಕ್ತಾನೆ. ಅತ್ತಾಗಲೆಲ್ಲ ಮೊಬೈಲ್ ಸಿಗೋ ಚಿಕ್ಕ ಮಗುವಿಗೆ ತನ್ನನ್ನು ತಾನೇ ಸಮಾಧಾನ ಮಾಡ್ಕೊಳ್ಳೋ ಅಭ್ಯಾಸವೇ ಬೆಳೆಯಲ್ಲ. ಹೈಸ್ಕೂಲು, ಪಿಯು ಮಕ್ಕಳದ್ದು ಬೇರೆ ಸಂಕಟ: ಬೇರೆಯವರ ಬಣ್ಣ, ಬಟ್ಟೆ, ಬೈಕ್ ನೋಡಿ ಕೀಳರಿಮೆ, ಲೈಕ್ ಬರದಿದ್ರೆ ಬೇಜಾರು.

ಹಾಗಂತ ಖಿನ್ನತೆಗೆಲ್ಲ ಮೊಬೈಲೇ ಕಾರಣ ಅನ್ನೋಕಾಗಲ್ಲ. ಪರೀಕ್ಷೆ ಭಯ, ಮನೆ ಜಗಳದಿಂದ ನೊಂದ ಮಕ್ಕಳೂ ಮೊಬೈಲಿನಲ್ಲಿ ಮುಖ ಮುಚ್ಕೊಳ್ತಾರೆ. ಬೈಯೋ ಮುಂಚೆ ಕಾರಣ ಕೇಳಿ.

ಚಟ ಯಾವಾಗ ಕಾಯಿಲೆ?

ವಿಶ್ವ ಆರೋಗ್ಯ ಸಂಸ್ಥೆಯ ಹೊಸ ರೋಗಪಟ್ಟಿ 2022ರಲ್ಲಿ ಜಾರಿಗೆ ಬಂತು. ಅದರಲ್ಲಿ ಗೇಮಿಂಗ್ ಚಟವೂ ಇದೆ. ಆಟದ ಮೇಲೆ ಹಿಡಿತ ತಪ್ಪೋದು, ಊಟ, ಓದು, ಗೆಳೆಯರಿಗಿಂತ ಆಟವೇ ಮುಖ್ಯ ಆಗೋದು, ನಷ್ಟ ಆಗ್ತಿದ್ರೂ ಬಿಡದೇ ಇರೋದು ಇದರ ಲಕ್ಷಣ. ಸಾಮಾನ್ಯವಾಗಿ 12 ತಿಂಗಳು ಹೀಗೇ ಇದ್ರೆ ಕಾಯಿಲೆ ಅಂತ ಗುರುತಿಸ್ತಾರೆ. ರಜೆಯಲ್ಲಿ ನಾಲ್ಕು ದಿನ ಆಡಿದ್ದು ಕಾಯಿಲೆ ಅಲ್ಲ.

ಮನೇಲಿ ಏನು ಮಾಡಬಹುದು?

* ಒಂದು ವರ್ಷದೊಳಗಿನ ಮಗುವಿಗೆ ಸ್ಕ್ರೀನ್ ಬೇಡವೇ ಬೇಡ. 2ರಿಂದ 4 ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು. ಇದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಕೊಟ್ಟ ಸಲಹೆ.
* ದಿಢೀರ್ ಅಂತ ಕಿತ್ಕೋಬೇಡಿ. 'ಇನ್ನು ಹತ್ತು ನಿಮಿಷ' ಅಂತ ಮೊದಲೇ ಹೇಳಿ, ಹೇಳಿದಂತೆ ನಡ್ಕೊಳ್ಳಿ.
* ರಾತ್ರಿ ಎಲ್ಲರ ಮೊಬೈಲೂ ಹಾಲ್‌ನಲ್ಲೇ ಚಾರ್ಜ್ ಆಗಲಿ. ಅಪ್ಪ ಅಮ್ಮನದ್ದೂ ಸೇರಿ.
* ಯುಪಿಐ ಪಿನ್ ಮಕ್ಕಳಿಗೆ ಗೊತ್ತಾಗದಂತೆ ನೋಡ್ಕೊಳ್ಳಿ. ಅಂಗಡಿಯವರಿಗೆ ಇದು ಮುಖ್ಯ.
* ಮೊಬೈಲ್ ಬಿಡಿಸಿದ ಮೇಲೆ ಬೇರೆ ಏನಾದ್ರೂ ಕೊಡಬೇಕಲ್ಲ? ಆಟಕ್ಕೆ ಕಳಿಸಿ, ಗಲ್ಲಾದ ಚಿಲ್ಲರೆ ಎಣಿಸೋಕೆ ಕೂರಿಸಿ.

ಸಹಾಯ ಎಲ್ಲಿ ಸಿಗುತ್ತೆ?

ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇಂಥ ಚಟಕ್ಕೆಂದೇ 'ಷಟ್' ಕ್ಲಿನಿಕ್ ಇದೆ. ಅಷ್ಟು ದೂರ ಹೋಗೋ ಮುಂಚೆ ತಾಲೂಕು ಆಸ್ಪತ್ರೆಗೆ ಮನೋವೈದ್ಯರು ಯಾವ ದಿನ ಬರ್ತಾರೆ ಅಂತ ವಿಚಾರಿಸಿ.

ಕೊನೆಗೊಂದು ಮಾತು. ಮೊಬೈಲ್ ಕೊಡದಿದ್ರೆ 'ಸತ್ತು ಹೋಗ್ತೀನಿ' ಅಂತ ಮಗು ಹೇಳಿದ್ರೆ ಬರೀ ಬೆದರಿಕೆ ಅಂತ ತಳ್ಳಿಹಾಕಬೇಡಿ. ಒಂಟಿಯಾಗಿ ಬಿಡಬೇಡಿ. ಪಕ್ಕದಲ್ಲಿ ಕೂತು ಮಾತಾಡಿಸಿ, ಅವತ್ತೇ 14416ಕ್ಕೆ ಫೋನ್ ಮಾಡಿ.