ಮುಳ್ಳು ಬಿದ್ದ ಜಾಗ

ಕಬ್ಬಿನ ಹಂಗಾಮು. ಗೋಕಾಕದ ಹತ್ತಿರದ ಲೋಳಸೂರ ಸೇತುವೆ ದಾಟುವ ಟ್ರ್ಯಾಕ್ಟರುಗಳು ಎರಡೆರಡು ಟ್ರೇಲರು ಕಟ್ಟಿಕೊಂಡು, ಹಾಡು ಹಚ್ಚಿಕೊಂಡು ತೂಗಾಡುತ್ತ ಹೋಗುತ್ತವೆ. ದಾರಿಯುದ್ದಕ್ಕೂ ಉದುರಿದ ರವದಿ ಗಾಳಿಗೆ ಎದ್ದು ಗ್ಯಾರೇಜಿನ ಬಾಗಿಲವರೆಗೂ ಬರುತ್ತದೆ. ತಗಡಿನ ಛಾವಣಿ, ಎಣ್ಣೆ ಕುಡಿದು ಕಪ್ಪಾದ ನೆಲ, ಗೋಡೆಗೆ ತೂಗುಬಿಟ್ಟ ಹಳೆಯ ಟೈಮಿಂಗ್ ಬೆಲ್ಟುಗಳು, ಲಕ್ಷ್ಮೀದೇವಿಯ ಫೋಟೊ, ಅದರ ಮಗ್ಗುಲಲ್ಲೇ ಒಂದು ಮಲ್ಟಿಮೀಟರು. ಅಂಕಿ ತೋರಿಸುವ ಹೊಸ ನಮೂನೆಯದಲ್ಲ, ಗಾಜಿನೊಳಗೆ ಮುಳ್ಳು ಓಡಾಡುವ ಹಳೆಯದು.

ಬಾಗಿಲಲ್ಲಿ ಒಂದು ಮಾರುತಿ ಓಮ್ನಿ ನಿಂತಿದೆ. ಹಿಂದಿನ ಸೀಟು ಕಿತ್ತು ಕರದಂಟಿನ ಡಬ್ಬಿ ಒಟ್ಟಿದ್ದಾರೆ. ಗೋಕಾಕದ ಕರದಂಟು ಅಂದಮೇಲೆ ಅದಕ್ಕೆ ವಿವರಣೆ ಬೇಕಿಲ್ಲ, ಅಮೀನಗಡದವರ ತಕರಾರು ಏನೇ ಇರಲಿ. ಡಬ್ಬಿಗಳು ಘಟಪ್ರಭಾ ಸ್ಟೇಶನ್ನಿಗೆ ಮುಟ್ಟಬೇಕು. ಗಾಡಿ ಮಾತ್ರ ಒಲ್ಲೆ ಅನ್ನುತ್ತಿದೆ.

‘ಎರಡನೇ ಗೇರಿನ್ಯಾಗ ಧಕ್ಕಾ ಹೊಡೀತೈತ್ರಿ. ಕಾಲ ಒತ್ತಿದ್ರ ಒಮ್ಮಿ ಸತ್ತಂಗ ಆಗತೈತಿ, ಮತ್ತ ಜಿಗೀತೈತಿ’ ಎಂದ ಚಾಲಕ, ಅಂಗಿಯ ಕಿಸೆಯಿಂದ ಸಣ್ಣ ಪೊಟ್ಟಣ ತೆಗೆದ. ಹೊಸ ಥ್ರಾಟಲ್ ಸೆನ್ಸರು. ಯಾರೋ ಹೇಳಿದ್ದಾರೆ, ಈತ ಕೊಂಡು ತಂದಿದ್ದಾನೆ.

ಮಿಸ್ತ್ರಿ ಪೊಟ್ಟಣ ಮುಟ್ಟಲಿಲ್ಲ. ‘ಹಾಕೂದು ಎರಡ ನಿಮಿಷದ ಕೆಲಸ. ಹಳೇದಕ್ಕ ಏನಾಗೈತಿ ಅಂತ ಮೊದಲ ಅದನ್ನs ಕೇಳೂನು.’

ಓಮ್ನಿಯ ಎಂಜಿನ್ ಇರುವುದು ಮುಂದಿನ ಸೀಟಿನ ಕೆಳಗೆ. ಸೀಟು ಮಗುಚಿದಾಗ ಬಿಸಿ ಎಣ್ಣೆಯ ವಾಸನೆ ಗಪ್ಪನೆ ಮುಖಕ್ಕೆ ಹೊಡೆಯಿತು. ಎಂಜಿನ್ನಿಗೆ ಗಾಳಿ ಹೋಗುವ ದಾರಿಯಲ್ಲಿ ಬಿಲ್ಲೆಯಾಕಾರದ ಒಂದು ಕವಾಟ, ಅದೇ ಥ್ರಾಟಲ್. ಅಕ್ಸಲೇಟರಿನ ಕೇಬಲ್ಲು ಎಳೆದಂತೆ ಅದು ತಿರುಗುತ್ತದೆ, ಗಾಳಿ ಒಳಗೆ ನುಗ್ಗುತ್ತದೆ. ಧೂಪದಾಳದ ಒಡ್ಡಿನ ಗೇಟು ಎಷ್ಟು ಎತ್ತಿದ್ದಾರೆಂಬುದು ಕಾಲುವೆ ನೋಡಿಕೊಳ್ಳುವವನಿಗೆ ತಿಳಿಯಬೇಕಲ್ಲ, ಹಾಗೆಯೇ ಈ ಕವಾಟ ಎಷ್ಟು ತೆರೆದಿದೆ ಎಂಬ ಸುದ್ದಿ ಗಾಡಿಯ ಕಂಪ್ಯೂಟರಿಗೆ ಮುಟ್ಟಬೇಕು. ಸುದ್ದಿ ಮುಟ್ಟಿಸುವುದು ಕವಾಟದ ದಂಡಕ್ಕೆ ಅಂಟಿಕೊಂಡ, ಬೆಂಕಿಪೊಟ್ಟಣಕ್ಕಿಂತ ಸಣ್ಣದಾದ ಈ ಕರಿ ಡಬ್ಬಿ. ಒಳಗೆ ಇಂಗಾಲ ಬಳಿದ ಒಂದು ಕಮಾನು ಪಟ್ಟಿ, ಅದರ ಮೇಲೆ ಉಜ್ಜುತ್ತ ಸರಿಯುವ ಲೋಹದ ನಾಲಿಗೆ. ಹಳೆಯ ರೇಡಿಯೊದ ವಾಲ್ಯೂಮ್ ಗುಂಡಿಯೊಳಗೂ ಇದೇ ಸಂಸಾರ.

ಡಬ್ಬಿಗೆ ಮೂರು ವೈರು. ಒಂದರಲ್ಲಿ ಕಂಪ್ಯೂಟರು ಕಳಿಸುವ 5 ವೋಲ್ಟ್, ಇನ್ನೊಂದು ಅರ್ಥ್, ಮೂರನೆಯದು ಸಿಗ್ನಲ್ಲು. ಕವಾಟ ಮುಚ್ಚಿದ್ದಾಗ ಸಿಗ್ನಲ್ಲಿನಲ್ಲಿ ಅರ್ಧ ವೋಲ್ಟಿನಿಂದ ಒಂದರ ಒಳಗೆ, ಪೂರ್ತಿ ತೆರೆದಾಗ ನಾಲ್ಕರಿಂದ ನಾಲ್ಕೂವರೆಯ ಆಸುಪಾಸು. ನಡುವೆ ಎಲ್ಲೂ ಎಡವದೆ ಏರಬೇಕು.

ಚಾವಿ ತಿರುಗಿಸಿದರು, ಎಂಜಿನ್ ಹಚ್ಚಲಿಲ್ಲ. ಕನೆಕ್ಟರು ಕೀಳಲಿಲ್ಲ. ಅದರ ಬೆನ್ನಿನಿಂದ, ವೈರಿನ ಪಕ್ಕಕ್ಕೆ, ಹೊಲಿಗೆ ಸೂಜಿಯಷ್ಟು ತೆಳುವಾದ ಪಿನ್ನು ತೂರಿದರು. ಮೊದಲು 5 ವೋಲ್ಟ್ ಇದೆಯೇ? ಇದೆ. ಅರ್ಥ್ ಸರಿಯೇ?

ಇಲ್ಲಿ ಮಿಸ್ತ್ರಿ ತುಸು ಹೆಚ್ಚೇ ಹೊತ್ತು ನಿಂತರು. ಅದಕ್ಕೆ ಕಾರಣವಿದೆ. 2019ರ ಆಗಸ್ಟಿನಲ್ಲಿ ಘಟಪ್ರಭೆ, ಮಾರ್ಕಂಡೇಯ ಎರಡೂ ಒಟ್ಟಿಗೇ ಉಕ್ಕಿ ಊರೊಳಗೆ ಬಂದವು, ಈ ಲೋಳಸೂರ ಸೇತುವೆಯೇ ಮುಳುಗಿತ್ತು. ನೀರು ಕುಡಿದ ಗಾಡಿಗಳನ್ನು ಒಣಗಿಸಿ, ತೊಳೆದು ರಸ್ತೆಗಿಳಿಸಿದ ಮೇಲೂ ಕನೆಕ್ಟರುಗಳ ಒಳಗೆ ಹಸಿರು ಕಿಲುಬು ಹೊಂಚಿ ಕೂತಿರುತ್ತಿತ್ತು. ಅರ್ಥ್ ವೈರು ಕಿಲುಬು ಹಿಡಿದರೆ ಒಳ್ಳೆಯ ಸೆನ್ಸರೂ ಸುಳ್ಳು ಹೇಳುತ್ತದೆ. ಅಂಥ ಗಾಡಿಗೆ ಹೊಸ ಸೆನ್ಸರು ಹಾಕಿದರೆ ಅದೂ ಅದೇ ಸುಳ್ಳನ್ನು ಮುಂದುವರಿಸುತ್ತದೆ, ಗಿರಾಕಿಯ ರೊಕ್ಕ ಹೋಗುತ್ತದೆ.

ಈ ಗಾಡಿಯ ಅರ್ಥ್ ಶುದ್ಧವಾಗಿತ್ತು. ಕೆಂಪು ಪಿನ್ನು ಸಿಗ್ನಲ್ ವೈರಿಗೆ ಬಂತು. ಗಾಜಿನೊಳಗಿನ ಮುಳ್ಳು ಸೊನ್ನೆಯ ಮಗ್ಗುಲಿಂದ ಚೂರು ಎದ್ದು ನಿಂತಿತು. ಮಿಸ್ತ್ರಿ ಕೇಬಲ್ಲಿನ ಚಕ್ರವನ್ನು ಹೆಬ್ಬೆರಳಿನಿಂದ ದೂಡತೊಡಗಿದರು, ನೋಡುವವರಿಗೆ ಬೇಸರ ಬರುವಷ್ಟು ನಿಧಾನವಾಗಿ. ಮುಳ್ಳು ಏರಿತು, ಒಂದು ದಾಟಿತು, ಒಂದೂಕಾಲಿನ ಹತ್ತಿರ ಬಂದದ್ದು ಥಟ್ಟನೆ ಕೆಳಗೆ ಬಿದ್ದು ಮತ್ತೆ ಎದ್ದಿತು. ಅಲ್ಲಿಂದ ಮುಂದೆ ನಾಲ್ಕರ ಮೇಲಿನವರೆಗೂ ಸರಾಗ.

‘ಇನ್ನೊಮ್ಮಿ.’

ಮತ್ತೆ ಅದೇ ಜಾಗ. ಸ್ಕ್ರೂಡ್ರೈವರಿನ ಹಿಡಿಯಿಂದ ಡಬ್ಬಿಯನ್ನು ಮೆಲ್ಲಗೆ ತಟ್ಟಿದರು, ಮುಳ್ಳು ನಡುಗಿತು. ವೈರು ಅಲ್ಲಾಡಿಸಿದರು, ನಡುಗಲಿಲ್ಲ. ಅಂದರೆ ತಪ್ಪು ವೈರಿನದಲ್ಲ, ಒಳಗಿನ ಪಟ್ಟಿಯದು.

ಐಟಿಐ ಮುಗಿಸಿ ಕೆಲಸ ಕಲಿಯಲು ಬಂದ ಹುಡುಗ ಅಷ್ಟರಲ್ಲಿ ಸ್ಕ್ಯಾನರು ತಂದು ಚುಚ್ಚಿದ್ದ. ಪರದೆಯ ಮೇಲೆ ಒಂದೂ ದೋಷದ ಕೋಡಿಲ್ಲ. ಅವನಿಗೆ ಅಚ್ಚರಿ. ಆದರೆ ಲೆಕ್ಕ ಸರಳ. ವೋಲ್ಟು ತೀರ ಕೆಳಕ್ಕಿಳಿದರೆ ಪಿ0122, ತೀರ ಮೇಲೇರಿದರೆ ಪಿ0123 ಎಂದು ಕಂಪ್ಯೂಟರು ಬರೆದಿಡುತ್ತದೆ. ಮಿತಿಯೊಳಗೇ ಕಣ್ಣುಮಿಟುಕಿಸುವಷ್ಟರಲ್ಲಿ ಬಿದ್ದೆದ್ದರೆ ಅದಕ್ಕದು ತಪ್ಪಲ್ಲ, ‘ಚಾಲಕ ಕಾಲು ತೆಗೆದ’ ಎಂದೇ ತಿಳಿದು ಪೆಟ್ರೋಲು ಕಡಿಮೆ ಮಾಡುತ್ತದೆ. ಮರುಗಳಿಗೆ ಸಿಗ್ನಲ್ಲು ಮೇಲಕ್ಕೆ ಹಾರಿದಾಗ ‘ಕಾಲು ಜೋರಾಗಿ ಒತ್ತಿದ’ ಎಂದು ಸುರಿಯುತ್ತದೆ. ಧಕ್ಕೆ ಹುಟ್ಟುವುದು ಹೀಗೆ. ಅಂಕಿ ತೋರಿಸುವ ಮೀಟರುಗಳಲ್ಲೂ ಈ ಬೀಳು ಅಂಕಿ ಬದಲಾಗುವ ಸಂದಿಯಲ್ಲಿ ಜಾರಿಹೋಗಬಹುದು. ಆಸಿಲೋಸ್ಕೋಪು ಇದ್ದರೆ ಗೆರೆ ಎಲ್ಲಿ ಹರಿದಿದೆ ಎಂಬುದು ಎದ್ದು ಕಾಣುತ್ತದೆ. ಇಲ್ಲದ ಗ್ಯಾರೇಜಿಗೆ ಹಳೆಯ ಮುಳ್ಳೇ ಗತಿ. ನನಗೇನೋ ಇದು ಬಡತನವೆನ್ನಿಸಲಿಲ್ಲ.

ಮುಳ್ಳು ಬಿದ್ದ ಆ ಜಾಗವೇ ಯಾಕೆ ಸವೆದದ್ದು? ಕರದಂಟಿನ ಓಮ್ನಿ ಹಗಲೆಲ್ಲ ತಿರುಗುವುದು ಬಜಾರಿನಲ್ಲಿ. ಮುಂದೆ ಎತ್ತಿನ ಗಾಡಿ, ಹಿಂದೆ ಬಸ್ಸಿನ ಹಾರ್ನು, ಕಾಲು ಎಂದೂ ಕಾಲುಭಾಗಕ್ಕಿಂತ ಕೆಳಗಿಳಿಯುವುದಿಲ್ಲ. ಲೋಹದ ನಾಲಿಗೆ ವರ್ಷಗಟ್ಟಲೆ ಪಟ್ಟಿಯ ಅದೇ ಮೊದಲ ಭಾಗವನ್ನು ನೆಕ್ಕಿ ಇಂಗಾಲ ಎಬ್ಬಿಸಿದೆ.

ಈಗ ಪೊಟ್ಟಣ ಒಡೆಯಿತು. ಹೊಸ ಸೆನ್ಸರಿನ ಸ್ಕ್ರೂ ತೂತುಗಳು ಉದ್ದನೆಯವು, ತುಸು ಆಚೀಚೆ ಸರಿಸಲು ಬರುವಂಥವು. ಕವಾಟ ಮುಚ್ಚಿದ್ದಾಗಿನ ವೋಲ್ಟು ಸರಿಯಾಗಿ ಕೂರುವವರೆಗೆ ಸರಿಸಿ, ಬಿಗಿದು, ಮತ್ತೆ ಅದೇ ಹೆಬ್ಬೆರಳ ನಡಿಗೆ. ಮುಳ್ಳು ಈ ಸಲ ಎಲ್ಲೂ ಬೀಳಲಿಲ್ಲ. ‘ನಾ ತಂದದ್ದು ಖರೇ ಆತಲ್ರಿ’ ಎಂದು ಚಾಲಕ ಬೀಗಿದ. ‘ಖರೇ ಆತು. ನಿನಗ ಗೊತ್ತಿರಲಿಲ್ಲ ಅಷ್ಟs’ ಎಂದರು ಮಿಸ್ತ್ರಿ.

ಟ್ರಯಲ್ಲು ಗೋಕಾಕ ಫಾಲ್ಸಿನ ಕಡೆಯ ಏರಿನಲ್ಲಿ. 1885ರಲ್ಲಿ ಸ್ಥಾಪನೆಯಾದ ನೂಲಿನ ಗಿರಣಿಯನ್ನು ತನ್ನ ಬಲದಿಂದ ನಡೆಸಿದ ನೀರು 52 ಮೀಟರು ಧುಮುಕುವ ದಿಕ್ಕು ಅದು. ಬಂಡೆ ಕೊರೆದ ತಿರುವುಗಳಲ್ಲಿ ಗಾಡಿ ಎರಡನೇ ಗೇರಿನಲ್ಲೇ, ಡಬ್ಬಿಗಳನ್ನು ಹೊತ್ತುಕೊಂಡೇ ಏರಿತು. ಧಕ್ಕೆ ಇಲ್ಲ.

ಮರಳಿ ಬರುವಷ್ಟರಲ್ಲಿ ಹುಕ್ಕೇರಿ ಕಡೆಯ ಡೀಸೆಲ್ ಕಾರೊಂದು ಬಂದು ನಿಂತಿತ್ತು. ಅಕ್ಸಲೇಟರಿಗೆ ಕೇಬಲ್ಲೇ ಇಲ್ಲ. ಪೆಡಲಿನ ಬುಡದಲ್ಲೇ ಸೆನ್ಸರು, ಆರು ವೈರು, ಎರಡು ಸಿಗ್ನಲ್ಲು. ಒಂದು ಇನ್ನೊಂದರ ಅರ್ಧ ಇರಬೇಕು, ಕಾಲು ಎಲ್ಲೇ ಇರಲಿ. ಲೆಕ್ಕ ತಪ್ಪಿದರೆ ಗಾಡಿ ತಾನಾಗಿ ವೇಗ ತಗ್ಗಿಸಿಕೊಂಡು ಕುಂಟುತ್ತದೆ. ಮಿಸ್ತ್ರಿ ಗೋಡೆಯ ಮೀಟರು ಕೈಗೆತ್ತಿಕೊಂಡು ಹುಡುಗನನ್ನು ಕರೆದರು.

‘ಪಕ್ಕದ ಎಲೆಕ್ಟ್ರಿಶನ್ ಹಂತ್ಯಾಕ ಹಿಂತಾದ್ದs ಇನ್ನೊಂದೈತಿ. ಇಸ್ಕೊಂಡ ಬಾ. ಎರಡೂ ಒಮ್ಮಿಗೇ ನೋಡಬೇಕ.’